ಜನರ ಹೆಸರಿನ ಪತ್ರ, ಜನರಿಗೆ ಕಾಣದ ಪತ್ರ

ಒಂದು ಅಂಗಡಿಗೆ ನಾಲ್ವರು ಪಾಲುದಾರರಿದ್ದಾರೆನ್ನಿ. ಅವರಲ್ಲೊಬ್ಬ ಓದುಬರಹ ಚೆನ್ನಾಗಿ ಬಲ್ಲವನು. ಪರವೂರಿನ ಸಗಟು ಸಾಹುಕಾರನೊಡನೆ ಪತ್ರವ್ಯವಹಾರವೆಲ್ಲ ಅವನದೇ. ಪತ್ರದ ತಲೆಯ ಮೇಲೆ ಅಂಗಡಿಯ ಹೆಸರು, ಕೆಳಗೆ ಸಹಿ ಅವನೊಬ್ಬನದು. “ಆ ಸಾಹುಕಾರರು ನಮ್ಮವರೇ, ಯೋಚನೆ ಬೇಡ” ಎಂದು ಐದು ವರ್ಷ ಉಳಿದ ಮೂವರಿಗೆ ಹೇಳುತ್ತಲೇ ಬಂದ. ಒಂದು ದಿನ ಕೋರ್ಟಿನ ಅಮೀನ ಬಾಗಿಲಿಗೆ ಬಂದು ನಿಂತಾಗ ಪೆಟ್ಟಿಗೆ ತೆರೆದು ಕಾಗದದ ಕಟ್ಟನ್ನು ಎಲ್ಲರ ಮುಂದೆ ಸುರಿದ. ಮೇಲಿನ ಕಾಗದವೇ ತಗಾದೆಯದು. ವ್ಯಾಪಾರದ ಕರಾರಿಗೆ ರುಜು ಬಿದ್ದು ಮೂರು ತಿಂಗಳು ತುಂಬುವ ಮೊದಲೇ ಬಂದದ್ದು. ಇಂಥ ಪಾಲುದಾರನನ್ನು ನಮ್ಮ ಪೇಟೆಯ ವರ್ತಕರು ಏನೆಂದು ಕರೆಯುತ್ತಾರೆಂಬುದನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕುವಂತಿಲ್ಲ.

ನಮ್ಮ ಗಣರಾಜ್ಯದ ಮೊದಲ ಹನ್ನೆರಡು ವರ್ಷ ದಿಲ್ಲಿಗೂ ಪೀಕಿಂಗಿಗೂ (ಈಗ ಅದನ್ನು ಬೀಜಿಂಗ್ ಎನ್ನುತ್ತಾರೆ) ನಡುವೆ ಓಡಾಡಿದ ಕಾಗದಗಳ ಕಥೆ ಇದಕ್ಕಿಂತ ಬಹಳ ಬೇರೆಯಲ್ಲ. ಅಂಗಡಿಯಲ್ಲಿ ಪಾಲುದಾರರು ನಾಲ್ವರು. ಇಲ್ಲಿ ಆಗಲೇ ನಲವತ್ತು ಕೋಟಿಗೂ ಮೇಲು. ರಾಯಭಾರಿಗಳ ಕಾಗದಕ್ಕೂ ನೂಲುವ ವಿಭಾಗದಲ್ಲಿ ರಾತ್ರಿ ಪಾಳಿ ಮಾಡುವವನಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಬಂಧ ಎಷ್ಟಿತ್ತೆಂಬುದು 1962ರ ನವೆಂಬರಿನಲ್ಲಿ ಸಂಬಳದ ಲಕೋಟೆ ಬಿಚ್ಚಿದವರಿಗೆ ಗೊತ್ತಾಯಿತು. ಆ ಮಾತಿಗೆ ಮುಂದೆ ಬರೋಣ.

1950ರ ನವೆಂಬರ್ 7ರಂದು ಉಪಪ್ರಧಾನಿ ಸರ್ದಾರ್ ವಲ್ಲಭಭಾಯಿ ಪಟೇಲರು ಪ್ರಧಾನಿ ನೆಹರೂ ಅವರಿಗೆ ಒಂದು ದೀರ್ಘ ಪತ್ರ ಬರೆದರು. ಗಣರಾಜ್ಯಕ್ಕೆ ಆಗಿನ್ನೂ ಹತ್ತು ತಿಂಗಳು ತುಂಬಿರಲಿಲ್ಲ. ಹಿಂದಿನ ತಿಂಗಳಷ್ಟೇ ಚೀನದ ಸೈನ್ಯ ಟಿಬೆಟ್ಟಿನ ಪೂರ್ವಭಾಗಕ್ಕೆ ನುಗ್ಗಿತ್ತು. ಉತ್ತರದ ಗಡಿ ಇನ್ನು ಮೊದಲಿನಂತೆ ನಿಶ್ಚಿಂತೆಯ ಗಡಿಯಲ್ಲ, ಸೈನ್ಯದ ಸಿದ್ಧತೆ, ಗಡಿನಾಡಿನ ರಸ್ತೆ, ಸುದ್ದಿ ಸಂಪರ್ಕ ಇವನ್ನೆಲ್ಲ ಹೊಸದಾಗಿ ಯೋಚಿಸಬೇಕು ಎಂಬುದು ಪತ್ರದ ಸಾರ. ನವೆಂಬರ್ 18ರ ಟಿಪ್ಪಣಿಯಲ್ಲಿ ನೆಹರೂ ಅವರು ತಮ್ಮ ಮತ ಬರೆದರು: ಚೀನದಿಂದ ಸದ್ಯದಲ್ಲಿ ದೊಡ್ಡ ದಾಳಿಯ ಸಂಭವವಿಲ್ಲ, ನಮ್ಮ ಬಲವನ್ನು ಅತ್ತ ತಿರುಗಿಸಿದರೆ ಪಾಕಿಸ್ತಾನದ ಕಡೆಗೆ ದುರ್ಬಲರಾಗುತ್ತೇವೆ. ಡಿಸೆಂಬರ್ 15ರಂದು ಸರ್ದಾರರು ತೀರಿಕೊಂಡರು.

ಸರ್ದಾರರ ಆರ್ಥಿಕ ವಿಚಾರಗಳಿಗೂ ನಮಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದ್ದರಿಂದ ಅವರನ್ನು ಕಾಲಜ್ಞಾನಿಯೆಂದು ಎತ್ತಿ ಮೆರೆಸುವ ಇಂದಿನ ಮೆರವಣಿಗೆಯಲ್ಲಿ ನಾವಿಲ್ಲ. ಇಬ್ಬರಲ್ಲಿ ಯಾರದು ಸರಿ ಎಂಬುದೂ ಇಲ್ಲಿಯ ಪ್ರಶ್ನೆಯಲ್ಲ. ನೆಹರೂ ಅವರ ವಾದದಲ್ಲೂ ಹುರುಳಿತ್ತು. ಬಡದೇಶವೊಂದು ಎರಡು ದಿಕ್ಕಿಗೆ ಸೈನ್ಯ ಸಾಕುವುದು ಸುಲಭವಲ್ಲ. ಆದರೆ ದೇಶದ ಇಬ್ಬರು ಹಿರಿಯರು ಇಷ್ಟು ದೊಡ್ಡ ವಿಷಯದಲ್ಲಿ ಬೇರೆ ಬೇರೆ ಯೋಚಿಸಿದ್ದರು ಎಂಬುದು 1951-52ರ ಮೊದಲ ಮಹಾಚುನಾವಣೆಯಲ್ಲಿ ಸಾಲುಗಟ್ಟಿ ನಿಂತು ಮತ ಹಾಕಿದ ಜನಕ್ಕೆ ತಿಳಿದಿರಲಿಲ್ಲ. ಪ್ರಶ್ನೆ ಇದ್ದದ್ದು ಜನರ ನೆಲದ್ದು, ಚರ್ಚೆ ನಡೆದದ್ದು ಎರಡು ಮೇಜುಗಳ ನಡುವೆ.

1954ರ ಏಪ್ರಿಲ್ 29ರಂದು ಪೀಕಿಂಗಿನಲ್ಲಿ ಟಿಬೆಟ್ಟಿನ ವ್ಯಾಪಾರ ಮತ್ತು ಸಂಚಾರದ ಒಪ್ಪಂದಕ್ಕೆ ಸಹಿ ಬಿತ್ತು. ಪಂಚಶೀಲವೆಂದು ಹೆಸರಾದ ಐದು ಸೂತ್ರಗಳು ಅದರ ಪೀಠಿಕೆಯಲ್ಲಿವೆ. ಬ್ರಿಟಿಷರು ಟಿಬೆಟ್ಟಿನಲ್ಲಿ ಇಟ್ಟುಹೋದ ಸೇನಾ ಕಾವಲನ್ನೂ ಅಂಚೆ ತಂತಿ ವ್ಯವಸ್ಥೆಯನ್ನೂ ನಾವು ಬಿಟ್ಟುಕೊಟ್ಟೆವು. ಸಾಮ್ರಾಜ್ಯಶಾಹಿಯ ಅವಶೇಷ ಬಿಟ್ಟದ್ದಕ್ಕೆ ಯಾವ ಸಮಾಜವಾದಿಯ ತಕರಾರೂ ಇರಲಾರದು. ತಕರಾರು ಬೇರೆ ಕಡೆ ಇದೆ. ವ್ಯಾಪಾರಿಗಳೂ ಯಾತ್ರಿಕರೂ ಹಾಯ್ದುಹೋಗಬಹುದಾದ ಆರು ಕಣಿವೆದಾರಿಗಳ ಹೆಸರು ಒಪ್ಪಂದದಲ್ಲಿದೆ. ಎರಡು ದೇಶಗಳ ಗಡಿ ಎಲ್ಲಿ ಎಂಬ ಮಾತಿಲ್ಲ. ನಮ್ಮ ಹಳ್ಳಿಯ ರೈತ ಎರಡು ಎಕರೆ ಕೊಳ್ಳುವಾಗಲೂ ಚಕ್ಕುಬಂದಿ ಬರೆಸದೆ ಪತ್ರ ರಿಜಿಸ್ಟರ್ ಮಾಡಿಸುವುದಿಲ್ಲ.

ಅದೇ ವರ್ಷ ಜುಲೈ 17ರಂದು ಚೀನದ ಕಡೆಯಿಂದ ಮೊದಲನೆಯ ಟಿಪ್ಪಣಿ ಬಂತು. ನೀತಿ ಕಣಿವೆಯ ಬಳಿಯ ಬಾರಾಹೋತಿ ಎಂಬ ಬೇಸಗೆಯ ಹುಲ್ಲುಗಾವಲಿಗೆ (ಅವರ ಬಾಯಲ್ಲಿ ಅದು ವೂಜೆ) ಭಾರತದ ಸೈನಿಕರು ಬಂದಿದ್ದಾರೆ, ಅದು ಚೀನದ ನೆಲ ಎಂದು ಆಕ್ಷೇಪ. ಆಗಸ್ಟಿನಲ್ಲಿ ನಮ್ಮ ಉತ್ತರ ಹೋಯಿತು: ನೆಲ ನಮ್ಮದು, ಒಳಗೆ ಬರಲು ನೋಡಿದವರು ನಿಮ್ಮವರು. ಆಮೇಲೆ ಟಿಪ್ಪಣಿಗೆ ಟಿಪ್ಪಣಿ, ಉತ್ತರಕ್ಕೆ ಉತ್ತರ, ವರ್ಷ ವರ್ಷವೂ.

ಹೊರಗೆ ಏನು ನಡೆಯುತ್ತಿತ್ತು? ಅದೇ 1954ರಲ್ಲಿ ಚೀನದ ಪ್ರಧಾನಿ ಚೌ ಎನ್-ಲಾಯ್ ದಿಲ್ಲಿಗೆ ಬಂದರು, ನೆಹರೂ ಪೀಕಿಂಗಿಗೆ ಹೋದರು, ಊರೂರಲ್ಲಿ “ಹಿಂದೀ ಚೀನೀ ಭಾಯಿ ಭಾಯಿ” ಎಂದು ಶಾಲೆಯ ಮಕ್ಕಳಿಂದ ಕೂಗಿಸಿದರು. ಗಿರಣಿಯ ಗೇಟ್ ಸಭೆ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಮುಖಂಡ ಕಲ್ಲಿನ ಮೇಲೆ ನಿಂತು “ಮಾಲೀಕರೂ ನಾವೂ ಅಣ್ಣತಮ್ಮಂದಿರು” ಎಂದು ಘೋಷಣೆ ಹಾಕಿಸುತ್ತಿದ್ದಾನೆ. ಅವನ ಅಂಗಿಯ ಜೇಬಿನಲ್ಲಿ ಮಾಲೀಕರ ನೋಟೀಸು ಮಡಿಸಿ ಕೂತಿದೆ. ಅವನು ದ್ರೋಹಿಯೇ ಆಗಬೇಕಾಗಿಲ್ಲ. ಮಾತಿನಲ್ಲೇ ಸರಿಪಡಿಸಿಬಿಡುತ್ತೇನೆಂಬ ನಂಬಿಕೆ ಅವನಿಗಿರಬಹುದು. ಆದರೆ ಕೆಲಸ ಹೋಗುವುದು ಅವನದಲ್ಲ.

ಇಲ್ಲೊಂದು ಪಕ್ಕದ ಸಂಗತಿ. ನೆಹರೂ ಅವರು 1947ರ ಅಕ್ಟೋಬರಿನಿಂದ 1963ರ ಕೊನೆಯವರೆಗೆ, ಹೆಚ್ಚುಕಡಿಮೆ ಹದಿನೈದು ದಿನಕ್ಕೊಂದರಂತೆ, ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆಯುತ್ತಿದ್ದರು. ಬೆಂಗಳೂರಿನಲ್ಲಿ ಮೈಸೂರಿನ ಮುಖ್ಯಮಂತ್ರಿಗಳ ಮೇಜಿಗೂ ಅವು ಬರುತ್ತಿದ್ದವು. ಕೊರಿಯ, ಸೂಯೆಜ್, ಟಿಬೆಟ್, ಅಕ್ಕಿಯ ಬೆಲೆ ಎಲ್ಲವನ್ನೂ ಕುರಿತು ಆ ಮನುಷ್ಯ ಅವುಗಳಲ್ಲಿ ಮನಬಿಚ್ಚಿ ಬರೆದಿದ್ದಾರೆ. 1980ರ ದಶಕದಲ್ಲಿ ಅವು ಐದು ಸಂಪುಟಗಳಾಗಿ ಅಚ್ಚಾಗಿವೆ. ಬೇರೆ ಯಾವ ಪ್ರಧಾನಿಯೂ ಇಷ್ಟು ಶ್ರಮ ವಹಿಸಿಲ್ಲ ಎಂಬ ಗೌರವ ನಮಗಿದೆ. ಆದರೆ ಜನರಿಗೆ ಪಾಠ ಹೇಳಬಲ್ಲ ಇಂಥ ಮೇಷ್ಟರು ಹೆಡ್‌ಮಾಸ್ತರರ ಕೋಣೆಯಲ್ಲಿ ಮಾತ್ರ ಪಾಠ ಹೇಳಿ, ತರಗತಿಗೆ ಬರೀ ಭಾಷಣ ಬಿಟ್ಟರು.

ಈಗ ರಸ್ತೆಯ ವಿಷಯ. ಸಿಂಕಿಯಾಂಗಿನಿಂದ ಟಿಬೆಟ್ಟಿಗೆ ಹೆದ್ದಾರಿ ಮುಗಿಯಿತೆಂದು ಚೀನ 1957ರಲ್ಲಿ ಬಹಿರಂಗವಾಗಿಯೇ ಸಾರಿತು. ಅದು ಹಾಯುವುದು ಲಡಾಖಿನ ಅಕ್ಸಾಯ್ ಚಿನ್ ಮೂಲಕ, ಅಂದರೆ ನಮ್ಮ ನಕ್ಷೆಯ ಪ್ರಕಾರ ನಮ್ಮ ನೆಲದ ಮೂಲಕ. ನೋಡಿಬರಲೆಂದು 1958ರ ಬೇಸಗೆಯಲ್ಲಿ ಕಾವಲುಪಡೆಗಳನ್ನು ಕಳಿಸಿದರು. ಒಂದು ತಂಡವನ್ನು ಚೀನೀಯರು ಹಿಡಿದಿಟ್ಟರು. ಅಕ್ಟೋಬರ್ 18ರಂದು ದಿಲ್ಲಿ ಒಂದು ಟಿಪ್ಪಣಿ ಕೊಟ್ಟಿತು. ಡಿಸೆಂಬರ್ 14ರಂದು ನೆಹರೂ ಸ್ವತಃ ಚೌ ಅವರಿಗೆ ಬರೆದರು: ನಿಮ್ಮ ನಕ್ಷೆಗಳಲ್ಲಿ ನಮ್ಮ ಪ್ರದೇಶ ಸೇರಿಹೋಗಿದೆಯಲ್ಲ ಎಂದು 1954ರಲ್ಲೇ ನಾನು ಕೇಳಿದ್ದೆ, ಅವು ಹಳೆಯ ನಕ್ಷೆಗಳು, ತಿದ್ದಲು ಸಮಯವಾಗಿಲ್ಲ ಎಂದಿದ್ದಿರಿ, ಇನ್ನೂ ಅವೇ ಅಚ್ಚಾಗುತ್ತಿವೆ. ಮೃದುವಾದ, ಮರ್ಯಾದೆಯ ಪತ್ರ. 1959ರ ಜನವರಿ 23ರಂದು ಬಂದ ಉತ್ತರವೂ ಮರ್ಯಾದೆಯದೇ. ಆದರೆ ಒಳಗಿದ್ದದ್ದು ಸಿಡಿಲು: ಎರಡು ದೇಶಗಳ ಗಡಿ ವಿಧಿವತ್ತಾಗಿ ಗುರುತಾದದ್ದೇ ಇಲ್ಲ, ಆ ರಸ್ತೆಯಿರುವ ಭಾಗ ಹಿಂದಿನಿಂದಲೂ ಚೀನದ ಆಡಳಿತದಲ್ಲಿದೆ.

ಆ ಪತ್ರ ದಿಲ್ಲಿಗೆ ಬಂದ ದಿನ ಯಾವ ಪತ್ರಿಕೆಯ ಮುಖಪುಟದಲ್ಲೂ ಇರಲಿಲ್ಲ. ಸಂಸತ್ತಿನ ಬಜೆಟ್ ಅಧಿವೇಶನ ನಡೆಯಿತು, ಮುಗಿಯಿತು. ಮಾರ್ಚ್ 22ರಂದು ನೆಹರೂ ಮರುಪತ್ರ ಬರೆದು ಹಳೆಯ ಒಪ್ಪಂದಗಳನ್ನು ಒಂದೊಂದಾಗಿ ಎಣಿಸಿ ತೋರಿಸಿದರು. ಆ ತಿಂಗಳ ಕೊನೆಗೆ ದಲಾಯಿ ಲಾಮಾ ಗಡಿ ದಾಟಿ ಬಂದರು. ಆಗಸ್ಟ್ 25ರಂದು ಪೂರ್ವದ ಲಾಂಗ್ಜುವಿನಲ್ಲಿ ಗುಂಡು ಹಾರಿತು. ಅದಾದ ಮೇಲೆ, ಆಗಸ್ಟಿನ ಕೊನೆಯಲ್ಲಿ, ನಮ್ಮ ನೆಲದಲ್ಲಿ ಪರರು ರಸ್ತೆ ಹಾಕಿದ್ದಾರೆಂಬ ಸುದ್ದಿಯನ್ನು ಪ್ರಧಾನಿಗಳು ಲೋಕಸಭೆಗೆ ಹೇಳಿದರು. ಪತ್ರವ್ಯವಹಾರದಲ್ಲೇ ಏನಾದರೂ ಮುನ್ನಡೆ ಆದೀತು, ಆಮೇಲೆ ಸಭೆಗೆ ತಿಳಿಸೋಣವೆಂದಿದ್ದೆವು ಎಂಬುದು ಅವರು ಕೊಟ್ಟ ಸಮಾಧಾನ.

ಸೆಪ್ಟೆಂಬರ್ 7ರಂದು ಮೊದಲನೆಯ ಶ್ವೇತಪತ್ರ ಸಂಸತ್ತಿನ ಮುಂದೆ ಬಂತು. ಐದು ವರ್ಷದ ಟಿಪ್ಪಣಿ, ಪತ್ರ, ಪ್ರತಿಭಟನೆಗಳೆಲ್ಲ ಒಂದೇ ಕಟ್ಟಿನಲ್ಲಿ. ಮರುದಿನವೇ, ಐದೂವರೆ ತಿಂಗಳ ಮೌನದ ನಂತರ, ಚೌ ಅವರ ಉತ್ತರಕ್ಕೂ ತಾರೀಖು ಬಿತ್ತು. ಬ್ರಿಟಿಷರು ಎಳೆದ ಮ್ಯಾಕ್‌ಮಹೋನ್ ರೇಖೆಯನ್ನು ತಾವು ಮನ್ನಿಸುವುದಿಲ್ಲವೆಂದು ಅದರಲ್ಲಿ ಖಂಡಿತವಾಗಿ ಬರೆದಿತ್ತು. ಅಕ್ಟೋಬರ್ 21ರಂದು ಲಡಾಖಿನ ಕೊಂಗ್ಕಾ ಕಣಿವೆಯಲ್ಲಿ ನಮ್ಮ ಪೊಲೀಸರು ಗುಂಡಿಗೆ ಬಲಿಯಾದರು. ಇಂದಿಗೂ ಜಿಲ್ಲಾ ಕೇಂದ್ರಗಳಲ್ಲಿ ಪ್ರತಿ ವರ್ಷ ಆ ದಿನ ಪೊಲೀಸ್ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಕವಾಯತು ನೋಡುವವರಲ್ಲಿ ಆ ತಾರೀಖು ಎಲ್ಲಿಂದ ಬಂತೆಂದು ಬಲ್ಲವರು ಕಡಿಮೆ.

ಶ್ವೇತಪತ್ರಗಳ ವಿಷಯದಲ್ಲಿ ನೆಹರೂ ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಒಮ್ಮೆ ಶುರು ಮಾಡಿದ ಮೇಲೆ ಒಂದರ ಹಿಂದೊಂದು ಸಂಪುಟ ಹೊರಡಿಸಿದರು. ನಡೆಯುತ್ತಿರುವ ಜಗಳದ ಕಾಗದಗಳನ್ನು ಇಷ್ಟು ಧಾರಾಳವಾಗಿ ಅಚ್ಚುಹಾಕಿದ ಸರ್ಕಾರ ಲೋಕದಲ್ಲಿ ವಿರಳ. ಆದರೆ ಆ ಸಂಪುಟಗಳ ಇಂಗ್ಲಿಷನ್ನು ಓದಬಲ್ಲವರು ನಮ್ಮ ಜಿಲ್ಲೆಯ ವಕೀಲರ ಸಂಘದಲ್ಲೂ ಬೆರಳೆಣಿಕೆ. ಕನ್ನಡದ ಪ್ರತಿ ನಮ್ಮೂರ ವಾಚನಾಲಯದ ಕಪಾಟಿನಲ್ಲಿ ಕಂಡದ್ದಿಲ್ಲ.

ಇಲ್ಲಿ ಪಂಡಿತರ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಶ್ವೇತಪತ್ರ ಹೊರಟ ಮೇಲೆಯೇ ಜನ ಕೆರಳಿದರು, ಸಂಸತ್ತು ಕೆರಳಿತು. ಒಂದಿಂಚೂ ಬಿಡಕೂಡದೆಂಬ ಕೂಗಿನ ನಡುವೆ ಕೊಡು ಕೊಳ್ಳುವ ಮಾತಿಗೆ ದಾರಿ ಮುಚ್ಚಿತು. 1960ರ ಏಪ್ರಿಲಿನಲ್ಲಿ ಚೌ ದಿಲ್ಲಿಗೆ ಬಂದು ಬರಿಗೈಯಲ್ಲಿ ಹಿಂದಿರುಗಿದ್ದಕ್ಕೆ ಇದೇ ಕಾರಣ. ಆದ್ದರಿಂದ ರಾಯಭಾರದ ಪತ್ರಗಳು ಬೀಗದೊಳಗೇ ಇರಬೇಕು, ಎನ್ನುತ್ತಾರೆ.

ಜನ ಕೆರಳಿದ್ದು ನಿಜ. ಏಕೆ ಕೆರಳಿದರು? ಪತ್ರ ಕಂಡದ್ದಕ್ಕಲ್ಲ, ಐದು ವರ್ಷದ ಪತ್ರವನ್ನು ಒಂದೇ ದಿನ ಕಂಡದ್ದಕ್ಕೆ. 1954ರಲ್ಲಿ ಬಾರಾಹೋತಿಯ ಕಾಗದ ಬಂದಾಗಲೇ “ಗಡಿಯ ವಿಷಯದಲ್ಲಿ ಚೀನಕ್ಕೂ ನಮಗೂ ಭಿನ್ನಾಭಿಪ್ರಾಯವಿದೆ, ಮಾತನಾಡುತ್ತಿದ್ದೇವೆ” ಎಂದು ಹೇಳಿದ್ದರೆ ಯಾರು ಬೀದಿಗೆ ಬರುತ್ತಿದ್ದರು? ಪಕ್ಕದ ಹೊಲದವನೊಡನೆ ಬದುವಿನ ತಕರಾರು ನಮ್ಮ ಜನಕ್ಕೆ ಹೊಸದಲ್ಲ. ವರ್ಷಗಟ್ಟಲೆ ಮಾತಾಡಿ, ಪಂಚರನ್ನು ಕೂರಿಸಿ, ಅರ್ಧ ಗೇಣು ಬಿಟ್ಟು ಅರ್ಧ ಗೇಣು ಪಡೆದು ಬಗೆಹರಿಸಿಕೊಳ್ಳುವುದು ಅವರಿಗೆ ಗೊತ್ತು. ಭಾಯಿ ಭಾಯಿ ಎಂದು ಐದು ವರ್ಷ ಕೂಗಿಸಿ, ಆರನೆಯ ವರ್ಷ ತಮ್ಮನ ಕೈಯಲ್ಲಿ ಕೊಡಲಿ ಇದೆಯೆಂದು ತೋರಿಸಿದರೆ ಯಾರಿಗಾದರೂ ತಾಳ್ಮೆ ಉಳಿಯುತ್ತದೆಯೆ? ನೆಹರೂ ಅವರ ಕೈ ಕಟ್ಟಿದ್ದು ಪ್ರಕಟಣೆಯಲ್ಲ, ಅದಕ್ಕೆ ಮುಂಚಿನ ಮೌನ. ಸಂಧಾನದ ಮಾತು ಗುಟ್ಟಾಗಿರಬಹುದು. ನಾಳೆ ಎಷ್ಟಕ್ಕೆ ಒಪ್ಪುತ್ತೇವೆಂದು ಇಂದೇ ಗೇಟಿನಲ್ಲಿ ಸಾರುವ ಸಂಘ ಮೂರು ದಿನ ಬಾಳದು. ಆದರೆ ಮಾಲೀಕ ನೋಟೀಸು ಕೊಟ್ಟಿದ್ದಾನೆ ಎಂಬ ಸಂಗತಿಯೇ ಗುಟ್ಟಾದರೆ ಅದು ಸಂಧಾನವಲ್ಲ. ರಸ್ತೆಯೊಂದು ಸಂಗತಿ. ಅದು ಚೀನದವರಿಗೆ ಗೊತ್ತಿತ್ತು, ದಿಲ್ಲಿಗೆ ಗೊತ್ತಿತ್ತು. ಯಾರಿಂದ ಅದನ್ನು ಬಚ್ಚಿಟ್ಟರು?

1917ರಲ್ಲಿ ರಷ್ಯದ ಕ್ರಾಂತಿಕಾರರು ಝಾರ್ ದೊರೆಯ ರಹಸ್ಯ ಒಪ್ಪಂದಗಳನ್ನು ಅಚ್ಚುಹಾಕಿದಾಗ ಯುರೋಪಿನ ಮಂತ್ರಿಗಳೆಲ್ಲ ಲೋಕ ಮುಳುಗಿತೆಂದರು. ಯುದ್ಧದ ಕಂದಕದಲ್ಲಿ ಕೂತ ಸಿಪಾಯಿಗೆ ತಾನು ಯಾರ ಎಣ್ಣೆಗೆ, ಯಾರ ಬಂದರಿಗೆ ಸಾಯುತ್ತಿದ್ದೇನೆಂದು ತಿಳಿಯಿತು, ಅಷ್ಟೆ. ಆ ಕ್ರಾಂತಿಕಾರರೇ ಮುಂದೆ 1939ರಲ್ಲಿ ಹಿಟ್ಲರನೊಡನೆ ರಹಸ್ಯ ಕರಾರು ಮಾಡಿಕೊಂಡರು ಎಂಬುದನ್ನೂ ಮರೆಯಬಾರದು. ಗುಟ್ಟಿನ ಚಟಕ್ಕೆ ಬಣ್ಣದ ಭೇದವಿಲ್ಲ.

1962ರ ಅಕ್ಟೋಬರ್ 20ರಂದು ಚೀನದ ಸೈನ್ಯ ಎರಡೂ ಕಡೆ ನುಗ್ಗಿತು. ಒಂದು ತಿಂಗಳ ಆ ಯುದ್ಧದ ಕಥೆ ಎಲ್ಲರಿಗೂ ಗೊತ್ತು. ಸರ್ಕಾರದ ಲೆಕ್ಕದ ಪ್ರಕಾರ ಸತ್ತವರೇ 1,383, ಕಾಣೆಯಾದವರು, ಸೆರೆಸಿಕ್ಕವರು ಬೇರೆ. ಇಲ್ಲಿ ಹೇಳಬೇಕಾದದ್ದು ನವೆಂಬರ್ 19ರ ಎರಡು ಪತ್ರಗಳ ಮಾತು. ಸೇ ಲಾ ಬಿದ್ದಿತ್ತು, ಅಸ್ಸಾಮಿನ ಬಯಲಿಗೆ ದಾರಿ ತೆರೆದಿತ್ತು. ಆ ದಿನ ನೆಹರೂ ಅವರು ಅಮೆರಿಕದ ಅಧ್ಯಕ್ಷ ಕೆನಡಿಯವರಿಗೆ ಒಂದರ ಹಿಂದೊಂದು ಎರಡು ಪತ್ರ ಕಳಿಸಿದರು. ಕೇಳಿದ್ದು ಶಬ್ದಕ್ಕಿಂತ ವೇಗವಾಗಿ ಹಾರುವ ಯುದ್ಧವಿಮಾನಗಳ 12 ದಳ, ಬಾಂಬರ್ ವಿಮಾನಗಳ 2 ದಳ, ರಡಾರ್ ವ್ಯವಸ್ಥೆ. ನಮ್ಮವರು ಕಲಿಯುವ ತನಕ ಯುದ್ಧವಿಮಾನಗಳನ್ನೂ ರಡಾರನ್ನೂ ಅಮೆರಿಕದವರೇ ನಡೆಸಬೇಕು. ಎರಡು ದಿನದಲ್ಲಿ ಚೀನವೇ ಕದನವಿರಾಮ ಸಾರಿದ್ದರಿಂದ ಆ ಬೇಡಿಕೆ ಅಲ್ಲಿಗೇ ನಿಂತಿತು.

ಮನೆಗೆ ಬೆಂಕಿ ಬಿದ್ದಾಗ ನೀರು ಕೇಳಲು ಯಾರ ಬಾಗಿಲನ್ನಾದರೂ ತಟ್ಟಬಹುದು. ಅದಕ್ಕಾಗಿ ನೆಹರೂ ಅವರನ್ನು ಹಳಿಯುವುದು ಸಣ್ಣತನ. ಆದರೆ ಅಲಿಪ್ತ ನೀತಿಯೆಂದು ಹದಿನೈದು ವರ್ಷ ಜಗತ್ತಿಗೆ ಸಾರಿದ ದೇಶ ಪರದೇಶದ ವಿಮಾನಭಟರನ್ನು ತನ್ನ ಆಕಾಶಕ್ಕೆ ಕರೆಯುತ್ತಿದೆ ಎಂಬುದು ಸಣ್ಣ ಸಂಗತಿಯಲ್ಲ. ಸಂಸತ್ತು ಆಗ ಅಧಿವೇಶನದಲ್ಲೇ ಇತ್ತು. ಐದು ದಿನ ಮುಂಚೆ, ನವೆಂಬರ್ 14ರಂದು, ಕೊನೆಯ ಆಕ್ರಮಣಕಾರನನ್ನೂ ಹೊರಗಟ್ಟುತ್ತೇವೆಂದು ಲೋಕಸಭೆಯವರೆಲ್ಲ ಎದ್ದು ನಿಂತು ನಿರ್ಣಯ ಮಾಡಿದ್ದರು. ಆ ಸಭೆಗೆ ಈ ಪತ್ರಗಳ ಸುಳಿವಿಲ್ಲ. ವಾಷಿಂಗ್ಟನ್ನಿನಲ್ಲಿ ನಮ್ಮ ರಾಯಭಾರಿಯಾಗಿದ್ದ ಬಿ.ಕೆ. ನೆಹರೂ ಅವರು ಈ ಕಾಗದಗಳನ್ನು ತಮ್ಮ ಕಚೇರಿಯವರಿಗೂ ತೋರಿಸದೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದರಂತೆ. ಎರಡೂ ಪತ್ರಗಳ ಪೂರ್ಣ ಪಾಠ ಎಲ್ಲರ ಕೈಗೆ ಸಿಕ್ಕಿದ್ದು 2010ರಲ್ಲಿ. ಅದೂ ದಿಲ್ಲಿಯಿಂದಲ್ಲ, ಅಮೆರಿಕದ ಬಾಸ್ಟನ್ನಿನಲ್ಲಿರುವ ಕೆನಡಿ ಗ್ರಂಥಾಲಯದಿಂದ. ಭಾರತದ ಪ್ರಧಾನಿ ಭಾರತದ ಜನರ ಹೆಸರಿನಲ್ಲಿ ಬರೆದ ಪತ್ರವನ್ನು ಓದಲು ನಾವು 48 ವರ್ಷ ಕಾಯಬೇಕಾಯಿತು, ಪತ್ರ ತಲುಪಿದವರ ಮನೆಯ ಬಾಗಿಲಲ್ಲಿ ನಿಂತು ಓದಬೇಕಾಯಿತು.

ಇನ್ನು ಸಂಬಳದ ಲಕೋಟೆಯ ಮಾತು. ಅಕ್ಟೋಬರ್ 26ರಂದು ತುರ್ತುಪರಿಸ್ಥಿತಿ ಘೋಷಣೆಯಾಯಿತು. ನವೆಂಬರ್ 3ರಂದು ಮಾಲೀಕರ ಮತ್ತು ಕಾರ್ಮಿಕರ ಕೇಂದ್ರ ಸಂಘಗಳು ದಿಲ್ಲಿಯಲ್ಲಿ ಸೇರಿ ಕೈಗಾರಿಕಾ ಶಾಂತಿಯ ನಿರ್ಣಯ ಮಾಡಿದವು: ಕೆಲಸ ನಿಲ್ಲಿಸುವುದಿಲ್ಲ, ನಿಧಾನ ಮಾಡುವುದಿಲ್ಲ, ಉತ್ಪಾದನೆ ಹೆಚ್ಚಿಸುತ್ತೇವೆ. ಕಾರ್ಮಿಕ ಸಂಬಳದಲ್ಲಿ ರಕ್ಷಣಾ ನಿಧಿಗೆ ಕೊಟ್ಟ, ರಜೆಯ ದಿನವೂ ದುಡಿದ, ಮುಷ್ಕರದ ಹಕ್ಕನ್ನು ಸ್ವಂತ ಕೈಯಿಂದ ಕಟ್ಟಿಟ್ಟ. ಹೆಂಗಸರು ಬಳೆ ಬಿಚ್ಚಿಕೊಟ್ಟರು. ಯಾರೂ ಲೆಕ್ಕ ಕೇಳಲಿಲ್ಲ, ಕೇಳುವ ಹೊತ್ತೂ ಅದಾಗಿರಲಿಲ್ಲ. 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂತು. 14 ಕ್ಯಾರಟ್ಟಿಗೆ ಮೇಲ್ಪಟ್ಟ ಒಡವೆ ಮಾಡಕೂಡದೆಂದಾಗ ಅಕ್ಕಸಾಲಿಗರ ಕುಲುಮೆಗಳು ಆರಿದವು. ಮೊರಾರ್ಜಿ ದೇಸಾಯಿಯವರ ಬಜೆಟ್ಟಿನಲ್ಲಿ ಕಡ್ಡಾಯ ಠೇವಣಿ ಬಂತು. ಕಂದಾಯ ಕಟ್ಟುವ ರೈತ, ಸಣ್ಣ ವರ್ತಕ, ಸಂಬಳದಾರ ಯಾರನ್ನೂ ಬಿಡಲಿಲ್ಲ. ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ವಿಚಾರಣೆಯಿಲ್ಲದೆ ಜೈಲಿಗೆ ತಳ್ಳುವ ಅಧಿಕಾರ ಸರ್ಕಾರಕ್ಕೆ ಬಂತು. ಯುದ್ಧ ನಡೆದದ್ದು ಒಂದು ತಿಂಗಳು; ಆ ತುರ್ತುಪರಿಸ್ಥಿತಿಯನ್ನು ಎತ್ತಿದ್ದು 1968ರ ಜನವರಿಯಲ್ಲಿ.

ಕಾಗದ ಬರೆಯುವಾಗ ನಮ್ಮನ್ನು ಕೇಳುವುದಿಲ್ಲ, ಕಾಗದದ ಬಾಕಿ ತೀರಿಸುವಾಗ ಮಾತ್ರ ಮನೆ ಹುಡುಕಿಕೊಂಡು ಬರುತ್ತಾರೆ.

ಇದೆಲ್ಲ ಹಳೆಯ ಕಥೆ ಎನ್ನುವವರು ಕಾನೂನಿನ ಪುಸ್ತಕ ತೆರೆದು ನೋಡಲಿ. ದೇಶದ ನೆಲವನ್ನು ಪರರಿಗೆ ಬಿಟ್ಟುಕೊಡಬೇಕಾದರೆ ಸಂವಿಧಾನವನ್ನೇ ತಿದ್ದಬೇಕೆಂದು ಬೇರೂಬಾರಿ ಪ್ರಕರಣದಲ್ಲಿ 1960ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಒಂದು ಬಾಗಿಲಿಗೆ ಅಗುಳಿ ಬಿತ್ತು. ಉಳಿದಂತೆ ಸರ್ಕಾರ ಯಾವ ದೇಶದೊಡನೆ ಯಾವ ಕರಾರಿಗೆ ಸಹಿ ಹಾಕಿದರೂ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ನಿಯಮ ನಮ್ಮಲ್ಲಿಲ್ಲ. ಬ್ರಿಟಿಷರು 1923ರಲ್ಲಿ ಮಾಡಿಟ್ಟುಹೋದ ಸರ್ಕಾರಿ ರಹಸ್ಯಗಳ ಕಾಯಿದೆ ಇನ್ನೂ ಜೀವಂತವಾಗಿದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯಲ್ಲೂ ಪರದೇಶದ ಸಂಬಂಧದ ಕಾಗದಕ್ಕೆ ವಿನಾಯಿತಿ ಇದೆ. 1962ರ ಸೋಲಿನ ಬಗ್ಗೆ ಸೈನ್ಯದ ಇಬ್ಬರು ಅಧಿಕಾರಿಗಳು 1963ರಲ್ಲಿ ಬರೆದ ವರದಿಯನ್ನು ದಿಲ್ಲಿಯಲ್ಲಿ ಆಳಿದ ಪಕ್ಷಗಳು ಒಂದಾದ ಮೇಲೊಂದು ಬೀಗದಲ್ಲೇ ಕಾಪಾಡಿಕೊಂಡು ಬಂದವು. ವಿರೋಧ ಪಕ್ಷದಲ್ಲಿದ್ದಾಗ ಬಿಡುಗಡೆ ಮಾಡಿ ಎಂದವರೇ ಅಧಿಕಾರಕ್ಕೆ ಬಂದ ಮೇಲೆ ಬಾಯಿ ಮುಚ್ಚಿದರು. 2014ರಲ್ಲಿ ಅದರ ಒಂದು ಭಾಗವನ್ನು ಹೊರಹಾಕಿದ್ದು ಪರದೇಶದ ಒಬ್ಬ ಪತ್ರಕರ್ತ.

ಗಿರಣಿ ಕಾರ್ಮಿಕರೂ ಪೇಟೆಯ ವರ್ತಕರೂ ತಮ್ಮ ಸಂಘಗಳ ಮಹಾಸಭೆಯಲ್ಲಿ ವೇತನ, ಬೋನಸ್ಸು, ತೆರಿಗೆಗಳ ನಿರ್ಣಯ ಮಾಡುತ್ತಾರೆ. ಜೊತೆಗೆ ಇನ್ನೊಂದು ನಿರ್ಣಯ ಬರಲಿ. ಪರದೇಶದೊಡನೆ ಸಹಿ ಬಿದ್ದ ಪ್ರತಿಯೊಂದು ಒಪ್ಪಂದವೂ ಸಂಸತ್ತಿನ ಮುಂದಿನ ಅಧಿವೇಶನದಲ್ಲಿ ಮಂಡನೆಯಾಗಬೇಕು. ಗಡಿಯ ಬಗ್ಗೆ ಯಾವ ದೇಶದಿಂದ ತಕರಾರು ಬಂದರೂ ಆರು ತಿಂಗಳೊಳಗೆ ಆ ಸಂಗತಿ ಸಭೆಗೆ ತಿಳಿಯಬೇಕು. ಇಪ್ಪತ್ತೈದು ವರ್ಷ ದಾಟಿದ ಪತ್ರಗಳು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಅಚ್ಚಾಗಬೇಕು. ಲೋಕಸಭೆಗೆ ಮತ ಕೇಳುವ ಅಭ್ಯರ್ಥಿ ಪಾಳಿ ಬಿಡುವ ಹೊತ್ತಿಗೆ ಗೇಟಿಗೆ ಬಂದೇ ಬರುತ್ತಾನೆ. ರಸ್ತೆ, ನಲ್ಲಿ, ರೇಷನ್ ಕಾರ್ಡುಗಳ ಜೊತೆಗೆ ಈ ಕಾಗದವನ್ನೂ ಅವನ ಕೈಗಿಟ್ಟು, ಅದಕ್ಕೆ ಸಹಿ ಹಾಕುತ್ತಾನೋ ಇಲ್ಲವೋ ಎಂದು ಅಲ್ಲೇ ನಿಂತು ನೋಡಬಹುದು.